ತುಟಿಯ ಗೆರೆ ಸೊಟ್ಟಗಾದ ಸಂಜೆ

ಒಂದು ತುಟಿ. ಮೂರು ಸಲ ಬರೆದೆ. ಮೂರು ಸಲವೂ ಸೊಟ್ಟ.

ಮೊದಲನೆಯ ಸಲ ಒರೆಸಿದೆ. ಎರಡನೆಯ ಸಲ ಬ್ರಶ್ ಬದಲಿಸಿದೆ. ಮೂರನೆಯ ಸಲ ಉಸಿರು ಬಿಗಿಹಿಡಿದು, ಮೊಣಕೈಯನ್ನು ಕುರ್ಚಿಯ ಹಿಡಿಗೆ ಒತ್ತಿ, ಮಲ್ಲಿಗೆ ಕಟ್ಟುವವಳಷ್ಟು ಜಾಗ್ರತೆಯಿಂದ ಗೆರೆ ಎಳೆದೆ. ಹಿಂದೆ ಸರಿದು ನೋಡಿದರೆ ಬಲಗಡೆಯ ತುದಿ ಎಲ್ಲಿರಬೇಕೋ ಅಲ್ಲಿದೆ. ಎಡಗಡೆಯದು ಒಂದು ನೂಲಿನಷ್ಟು ಕೆಳಗೆ.

'ಸುರುವಾಯಿತು' ಅಂದುಕೊಂಡೆ.

(ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಫೋನ್ ಮಾಡಿ ಕೇಳಿದವರಿಗೆಲ್ಲ 'ಸ್ವಲ್ಪ ಜ್ವರ' ಎಂದಿದ್ದೆ. ಸುಳ್ಳು. ಜ್ವರ ಇರಲಿಲ್ಲ, ಹೆದರಿಕೆ ಇತ್ತು. ಪೆನ್ನು ಹಿಡಿದರೆ ಕಣ್ಣ ಮುಂದೆ ಆ ತುಟಿಯೇ ಬರುತ್ತಿತ್ತು.)

'ಸುರುವಾಯಿತು' ಅಂದದ್ದು ನನ್ನ ಕೈಯ ಬಗ್ಗೆ. ನನ್ನ ಅಮ್ಮನಿಗೆ ಅರುವತ್ತು ದಾಟುವ ಮೊದಲೇ ಕೈ ನಡುಗಲು ಹಿಡಿದಿತ್ತು. ಮೊದಲು ಸೂಜಿಗೆ ನೂಲು ಪೋಣಿಸಲು ಆಗಲಿಲ್ಲ. ಆಮೇಲೆ ಸೀರೆಗೆ ಪಿನ್ ಹಾಕಲು. ಕೊನೆಕೊನೆಗೆ ಅನ್ನ ಬಾಯಿಗೆ ತಲುಪುವ ಮೊದಲೇ ಉದುರುತ್ತಿತ್ತು. ನನಗೀಗ ಐವತ್ತೇಳು. ಬೆಳಿಗ್ಗೆ ಎದ್ದ ಕೂಡಲೇ ದೇವರ ಮುಖ ನೋಡುವ ಮೊದಲು ನಾನು ನೋಡುವುದು ನನ್ನ ಬೆರಳುಗಳನ್ನು. ಯಾರಿಗೂ ಹೇಳಿಲ್ಲ. ಯಾಕೆಂದರೆ ಈ ಬೆರಳುಗಳನ್ನು ನಂಬಿ ಹನ್ನೆರಡು ಮಂದಿ ಮುಖ ಕೊಟ್ಟು ಕೂರುತ್ತಾರೆ.

ನಿಮಗೆ ಗೊತ್ತಿದ್ದದ್ದೇ. ವಾರವಿಡೀ ನಾನು ಸಿದ್ಧಕಟ್ಟೆಯಲ್ಲಿ ಹೈಸ್ಕೂಲು ಟೀಚರು. ರಜೆಯಲ್ಲಿ ನಮ್ಮದೊಂದು ಹವ್ಯಾಸಿ ತಂಡದ ವೇಷಭೂಷಣ ಮತ್ತು ಮೇಕಪ್ಪಿನವಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯ ಹಾಡುವ ಹುಚ್ಚಿನವರೆಲ್ಲ ಸೇರಿ ವರ್ಷಕ್ಕೊಂದು ಗೀತನಾಟಕ ಮಾಡುತ್ತೇವೆ. ಮಾತಿಗಿಂತ ಹಾಡು ಜಾಸ್ತಿ. ಈ ವರ್ಷದ್ದು ನಿದ್ದೆ ಬಾರದ ಒಬ್ಬ ಅರಸನ ಕತೆ. ಹದಿನಾಲ್ಕು ಹಾಡು. ಅದರಲ್ಲಿ ಒಂಬತ್ತು ಅರಸನಿಗೆ.

ಪ್ರೇಕ್ಷಕರು ನೋಡುವುದು ಅರಸನನ್ನು. ನಾನು ನೋಡುವುದು ಅರಸನ ಅಂಗಿಯೊಳಗಿನ ಬೆವರಿನ ಕಲೆ, ಕಿತ್ತುಹೋದ ಹುಕ್ಕು, ಮೂರನೆಯ ಹಾಡಿಗೂ ನಾಲ್ಕನೆಯ ಹಾಡಿಗೂ ನಡುವೆ ಸಿಗುವ ನಲುವತ್ತು ಸೆಕೆಂಡು. ಆ ನಲುವತ್ತು ಸೆಕೆಂಡಿನಲ್ಲಿ ವೆಲ್ವೆಟ್ ಕೋಟು ಬಿಚ್ಚಿ ಭಿಕ್ಷುಕನ ಶಾಲು ಹೊದೆಸಬೇಕು. ಬಾಯಲ್ಲಿ ನಾಲ್ಕು ಸೇಫ್ಟಿ ಪಿನ್ ಕಚ್ಚಿಕೊಂಡು ಕತ್ತಲಲ್ಲಿ ನಿಂತವಳಿಗೆ ಚಪ್ಪಾಳೆ ಯಾರು ಹೊಡೆಯುತ್ತಾರೆ? ಹೊಡೆಯುವುದು ಬೇಡ. ಪಿನ್ ನುಂಗದಿದ್ದರೆ ಸಾಕು.

ಅರಸನ ಪಾತ್ರ ಜಯರಾಮಣ್ಣನದ್ದು. ಅಳದಂಗಡಿಯ ಹತ್ತಿರ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ವಯಸ್ಸು ಐವತ್ತನಾಲ್ಕು. ದೋಸೆ ಹೊಯ್ಯುತ್ತಾ ಆಲಾಪ ಮಾಡುವ ಮನುಷ್ಯ. ಹನ್ನೊಂದು ವರ್ಷದಿಂದ ಅವರ ಮುಖಕ್ಕೆ ಬಣ್ಣ ಹಚ್ಚುತ್ತಿದ್ದೇನೆ. ಬಲಗೆನ್ನೆಯಲ್ಲಿ ಸಿಡುಬಿನ ಎರಡು ಗುಳಿ, ಎಡಹುಬ್ಬಿನ ಬಾಲದಲ್ಲಿ ಕೂದಲಿಲ್ಲದ ಒಂದು ಜಾಗ, ನಕ್ಕರೆ ಮೊದಲು ಮೇಲೇಳುವ ಎಡಗಡೆಯ ತುಟಿ. ನನ್ನ ಗಂಡನ ಮುಖದ ಬಗ್ಗೆ ಕೇಳಿದರೆ ನಾನು ಇಷ್ಟು ಖಚಿತವಾಗಿ ಹೇಳಲಾರೆ.

ಆ ದಿನ ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಆರು ಗಂಟೆಗೆ ಪ್ರದರ್ಶನ. ನಾಲ್ಕಕ್ಕೆ ಜಯರಾಮಣ್ಣ ಬಂದು ಕನ್ನಡಿಯ ಮುಂದೆ ಕುಳಿತರು. ಮುಖಕ್ಕೆ ಪ್ಯಾನ್‌ಕೇಕ್ ಎಂಬ ಬಣ್ಣದ ಲೇಪ ಹಚ್ಚಿ, ಕೆನ್ನೆಗೆ ಕೆಂಪು ತೀಡಿ, ಹುಬ್ಬು ಬರೆದೆ. ನಿದ್ದೆಗೆಟ್ಟ ಕಣ್ಣಿನ ಕೆಳಗೆ ಕಂದು ನೆರಳು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಅದು ನನ್ನ ಅಭ್ಯಾಸ. ಮುಂದಿನ ಪ್ರದರ್ಶನದಲ್ಲಿ ಅದೇ ಮುಖ ಬರಬೇಕಲ್ಲ? ಆಗ ಅವರು ಕ್ಯಾಮೆರಾಕ್ಕೆ ನಕ್ಕಿದ್ದರು ಕೂಡ.

ಅಷ್ಟರಲ್ಲಿ ರಾಣಿಯ ಲಂಗದ ಅಂಚು ಬಿಚ್ಚಿದೆ ಎಂದು ಆಚೆ ಕೋಣೆಯಿಂದ ಕರೆದರು. ಹೋಗಿ ಹೊಲಿದು ಬರುವಾಗ ಅರ್ಧ ಗಂಟೆ. ಬಂದು ತುಟಿಗೆ ಕೈ ಹಾಕಿದೆ.

ಮೂರು ಸಲವೂ ಸೊಟ್ಟ.

ಬೆರಳುಗಳನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿಕೊಂಡೆ. ನಡುಗುತ್ತಿರಲಿಲ್ಲ. ಮತ್ಯಾಕೆ? ಕನ್ನಡಿಯತ್ತ ತಿರುಗಿದೆ. ನಾವು ಮೇಕಪ್ಪಿನವರು ಎದುರಿನ ಮುಖವನ್ನು ಪೂರ್ತಿ ನಂಬುವುದಿಲ್ಲ. ನೋಡಿ ನೋಡಿ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ. ಕನ್ನಡಿಯಲ್ಲಿ ಮುಖ ತಿರುಗಿ ಕಾಣುವಾಗ ತಪ್ಪು ಎದ್ದು ಬರುತ್ತದೆ.

ಎದ್ದು ಬಂತು. ನನ್ನ ಗೆರೆ ನೇರವೇ ಇತ್ತು. ಸೊಟ್ಟ ಇದ್ದದ್ದು ಮುಖ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕ್ಷಣ ನನಗೆ ಮೊದಲು ಆದದ್ದು ಸಮಾಧಾನ. ಅಬ್ಬ, ನನ್ನ ಕೈ ಸರಿಯಿದೆ! ಒಂದು ಉಸಿರಿನಷ್ಟು ಹೊತ್ತು. ಆ ಒಂದು ಉಸಿರಿನ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

"ಜಯರಾಮಣ್ಣ, ಒಮ್ಮೆ ನಗಿ ನೋಡುವ."

ನಕ್ಕರು. ಬಲಗಡೆ ಮಾತ್ರ ನಕ್ಕಿತು. ಎಡಗಡೆ ಬೇರೆ ಯಾರದೋ ಮುಖದ ಹಾಗೆ ಸುಮ್ಮನೆ ಕುಳಿತಿತ್ತು.

"ಎಂತ ಟೀಚರೇ, ಚಂದ ಕಾಣ್ತದಾ?" ಅಂದರು. ಅವರಿಗೆ ಏನೂ ಗೊತ್ತಿಲ್ಲ. 'ಚಂದ' ಎಂಬುದು 'ಚಂದ' ಎಂದೇ ಬಂತಾ? 'ಸಂದ' ಎಂದು ಕೇಳಿತಾ? ಹೊರಗೆ ಹಾರ್ಮೋನಿಯಂ ಶ್ರುತಿ ಹಿಡಿಯುತ್ತಿದ್ದರು, ಸರಿಯಾಗಿ ಕೇಳಲಿಲ್ಲ.

ಆಗ ನಾನು ಕೂಗಬೇಕಿತ್ತು. ಕೂಗಲಿಲ್ಲ.

ಯಾಕೆ ಎಂದು ಹೇಳುತ್ತೇನೆ. ಹಿಂದೊಮ್ಮೆ ಬಂಟ್ವಾಳದಲ್ಲಿ ಪ್ರದರ್ಶನ ನಡೆಯುತ್ತಿರುವಾಗ ಸುಟ್ಟ ವಾಸನೆ ಬಂದು ನಾನು "ಶಾರ್ಟ್ ಸರ್ಕ್ಯೂಟ್!" ಎಂದು ಕಿರುಚಿದ್ದೆ. ನಾಟಕ ನಿಂತಿತು. ಜನ ಎದ್ದು ಓಡಿದರು. ಕೊನೆಗೆ ನೋಡಿದರೆ ನಾನೇ ಇಸ್ತ್ರಿ ಪೆಟ್ಟಿಗೆಯನ್ನು ಮಂತ್ರಿಯ ಪಂಚೆಯ ಮೇಲೆ ಮರೆತಿದ್ದೆ. ಅಂದಿನಿಂದ ತಂಡದಲ್ಲಿ ನನ್ನ ಹೆಸರು ಸೈರನ್ ಟೀಚರ್. ನಗುತ್ತಲೇ ಕರೆಯುತ್ತಾರೆ. ನಾನೂ ನಗುತ್ತೇನೆ. ಆದರೆ ಚುಚ್ಚುತ್ತದೆ.

ಸಭಾಭವನ ತುಂಬುವ ಸದ್ದು ಕೇಳುತ್ತಿತ್ತು. ಕುರ್ಚಿ ಎಳೆಯುವುದು, ಮಕ್ಕಳು ಓಡುವುದು. ಇವತ್ತೂ ನಾನು ತಪ್ಪಿದರೆ? ಸುಮ್ಮನೆ ಸ್ನಾಯು ಹಿಡಿದದ್ದಾಗಿದ್ದರೆ? ಹಲ್ಲುನೋವಾಗಿದ್ದರೆ? ಕೂಗಿದರೂ ಹೆದರಿಕೆ, ಕೂಗದಿದ್ದರೂ ಹೆದರಿಕೆ.

ನಾನು ಮಾಡಿದ್ದೇನು ಗೊತ್ತೇ? ಕೋಟು ಎತ್ತಿಕೊಂಡೆ. ಹೌದು. ಏನೂ ಆಗಿಲ್ಲ ಎಂಬಂತೆ ಮುಂದಿನ ಕೆಲಸಕ್ಕೆ ಹೋದೆ.

"ಕೈ ಎತ್ತಿ ಜಯರಾಮಣ್ಣ, ತೋಳು ಹಾಕುವ."

ಎರಡೂ ಕೈ ಎತ್ತಿದರು. ಬಲಗೈ ನಿಂತಿತು. ಎಡಗೈ ಮೆಲ್ಲ ಮೆಲ್ಲ, ಅವರಿಗೆ ಗೊತ್ತೇ ಇಲ್ಲದ ಹಾಗೆ, ಕೆಳಗಿಳಿಯಿತು. ಕೋಟಿನ ತೋಳು ಹಿಡಿದುಕೊಂಡು ನಾನು ಕಾಯುತ್ತಿದ್ದೇನೆ. ಕೈ ಬರಲೇ ಇಲ್ಲ.

"ಎಡಗೈ ಅಣ್ಣ."

"ಎತ್ತಿದ್ದೇನಲ್ಲ."

ಎತ್ತಿರಲಿಲ್ಲ. ಕೈ ತೊಡೆಯ ಮೇಲೆ ಬಿದ್ದಿತ್ತು.

ಕೋಟು ಅಲ್ಲೇ ಬಿಸಾಡಿ ಪ್ರಭಾಕರ ಮಾಷ್ಟ್ರ ಬಳಿಗೆ ಓಡಿದೆ. ನಮ್ಮ ನಿರ್ದೇಶಕರು, ಹಾಡು ಕಟ್ಟಿದವರೂ ಅವರೇ. ನಿವೃತ್ತ ಮೇಷ್ಟರು, ಬಿ.ಸಿ.ರೋಡಿನವರು. ಪರದೆಯ ಸಂದಿನಿಂದ ಜನ ಎಷ್ಟು ಬಂದಿದ್ದಾರೆ ಎಂದು ಇಣುಕುತ್ತಿದ್ದರು.

"ಮಾಷ್ಟ್ರೇ, ಜಯರಾಮಣ್ಣನ ಬಾಯಿ ಓರೆ ಆಗಿದೆ. ಕೈ ಎತ್ತಲಿಕ್ಕೆ ಆಗುದಿಲ್ಲ. ಆಸ್ಪತ್ರೆಗೆ ಹೋಗುವ."

ಮಾಷ್ಟ್ರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸೈರನ್ ಎಂಬ ಪದ ಬರೆದಿತ್ತು.

"ಸುಸ್ತು ಇರಬೇಕು ಟೀಚರೇ. ಬೆಳಿಗ್ಗೆಯಿಂದ ಹೋಟೆಲಿನಲ್ಲಿ ನಿಂತು ನೇರ ಬಂದಿದ್ದಾರೆ, ಊಟ ಮಾಡಲಿಲ್ಲವಂತೆ. ಒಂದು ಲಿಂಬೆ ಶರಬತ್ತು ಕೊಡುವ, ಸರಿಯಾಗ್ತದೆ."

"ಶರಬತ್ತಲ್ಲ ಮಾಷ್ಟ್ರೇ, ನೀವು ಬಂದು ನೋಡಿ."

ಬಂದರು. ಜಯರಾಮಣ್ಣ ಕುರ್ಚಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿ ಕುಳಿತಿದ್ದರು. ಬಣ್ಣ ಹಚ್ಚಿದ ಮುಖ ಕೆಂಪಾಗಿ, ದುಂಡಗೆ ಹೊಳೆಯುತ್ತಿತ್ತು. ಯಾರು ನೋಡಿದರೂ ಗಟ್ಟಿಮುಟ್ಟಾದ ಅರಸನೇ.

"ಏನಿಲ್ಲ ಮಾಷ್ಟ್ರೇ," ಅಂದರು ಜಯರಾಮಣ್ಣ. ನಾಲಗೆ ದಪ್ಪವಾದಂತೆ ಮಾತು. "ಟೀಚರಿಗೆ ಸುಮ್ಮನೆ ಹೆದರಿಕೆ. ಷೋ ಆದ ಮೇಲೆ ಬೇಕಾದ್ರೆ ತೋರಿಸ್ತೇನೆ."

ಷೋ ಆದ ಮೇಲೆ. ಈ ಮೂರು ಶಬ್ದಗಳನ್ನು ಆ ಕೋಣೆಯಲ್ಲಿ ಎಷ್ಟು ವರ್ಷದಿಂದ ಕೇಳಿದ್ದೇನೆ! ಜ್ವರ ಇದ್ದವರು, ಕಾಲು ಉಳುಕಿದವರು, ಮನೆಯಿಂದ ಕೆಟ್ಟ ಸುದ್ದಿ ಬಂದವರು, ಎಲ್ಲರೂ ಹೇಳಿದ್ದು ಅದೇ. ನಾವು ಅದನ್ನು ದೊಡ್ಡ ಗುಣ ಎಂದು ಹೊಗಳಿದ್ದೇವೆ. ಸನ್ಮಾನದ ಭಾಷಣದಲ್ಲಿ ಹೇಳಿದ್ದೇವೆ.

ಯಾರೋ ಶರಬತ್ತು ತಂದು ಮಾಷ್ಟ್ರ ಕೈಗೆ ಕೊಟ್ಟರು. ನಾನು "ಬೇಡ, ಬೇಡ" ಎನ್ನುವಷ್ಟರಲ್ಲಿ ಜಯರಾಮಣ್ಣ ಬಲಗೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಯೇ ಬಿಟ್ಟರು.

ಶರಬತ್ತು ಒಳಗೆ ಹೋಗಲಿಲ್ಲ. ತುಟಿಯ ಎಡತುದಿಯಿಂದ ಹೊರಗೆ ಹರಿಯಿತು. ಗದ್ದದ ಬಣ್ಣವನ್ನು ಕೊರೆದುಕೊಂಡು, ಒಂದು ಸಪೂರ ಗೆರೆಯಾಗಿ, ಕುತ್ತಿಗೆಯವರೆಗೆ. ಆ ಗೆರೆಯೊಳಗೆ ಅವರ ನಿಜವಾದ ಚರ್ಮ ಕಾಣುತ್ತಿತ್ತು. ಬೂದಿಯ ಬಣ್ಣ. ಅದು ಹರಿಯುತ್ತಿರುವುದು ಅವರಿಗೆ ಗೊತ್ತಾಗಲೇ ಇಲ್ಲ.

ಮಾಷ್ಟ್ರ ಕೈಯಿಂದ ಹಾಡಿನ ಪುಸ್ತಕ ಬಿತ್ತು. "ರೊನಾಲ್ಡ್, ಗಾಡಿ ತೆಗಿ ಮಾರಾಯ!" ಎಂದು ಕೂಗಿದ್ದು ನಾನಲ್ಲ, ಅವರು.

ರೊನಾಲ್ಡ್ ನಮ್ಮ ಲೈಟಿನವನು. ಅವನ ಓಮ್ನಿಯಲ್ಲಿ ಯಾವಾಗಲೂ ಲೈಟು, ವಯರು, ಏಣಿ ತುಂಬಿರುತ್ತದೆ. ವಯರಿನ ಸುರುಳಿಗಳನ್ನೆಲ್ಲ ಹೊರಗೆ ಎಸೆದು ಜಯರಾಮಣ್ಣನನ್ನು ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಪಕ್ಕದಲ್ಲಿ ನಾನು. ಮೊದಲು ಊರಿನ ಆಸ್ಪತ್ರೆಗೆ. ಹತ್ತು ನಿಮಿಷದ ದಾರಿ. ನನ್ನ ಜೀವನದಲ್ಲಿ ಅಷ್ಟು ಉದ್ದದ ದಾರಿ ಇನ್ನೊಂದಿಲ್ಲ.

ಯಾಕೆಂದರೆ ಅವರಿಗೆ ಏನಾಗುತ್ತಿದೆ ಎಂದು ನನಗೆ ಕಾಣುತ್ತಿರಲಿಲ್ಲ.

ಮುಖ ಬಿಳಿಚಿದೆಯೇ? ಗೊತ್ತಿಲ್ಲ, ಮೇಲೆ ನನ್ನ ಪ್ಯಾನ್‌ಕೇಕ್. ತುಟಿ ನೀಲಿಯಾಗಿದೆಯೇ? ಗೊತ್ತಿಲ್ಲ, ಮೇಲೆ ನನ್ನ ಕೆಂಪು. ಕಣ್ಣಿನ ಸುತ್ತ ಕಪ್ಪಾಗಿದೆಯೇ? ಅದನ್ನೂ ನಾನೇ ಬರೆದಿದ್ದೆ. ಹನ್ನೊಂದು ವರ್ಷದಿಂದ ಕಲಿತ ವಿದ್ಯೆಯನ್ನೆಲ್ಲ ಸುರಿದು ಒಬ್ಬ ಮನುಷ್ಯನ ಮುಖವನ್ನು ನಾನು ಮುಚ್ಚಿಬಿಟ್ಟಿದ್ದೆ. ಅವರು ಸಾಯುತ್ತಿದ್ದರೂ ಕೆನ್ನೆ ಕೆಂಪಾಗಿಯೇ ಇರುತ್ತದಲ್ಲ ಎಂದು ಯೋಚನೆ ಬಂದು ನನ್ನ ಹಲ್ಲು ಕಟಕಟ ಎಂದಿತು. ಬೇಸಿಗೆಯ ಸೆಕೆ, ನನಗೆ ಚಳಿ.

"ಟೀಚರ್, ಅವರು ಮಾತಾಡ್ತಾರಾ?" ರೊನಾಲ್ಡ್ ಹಿಂದೆ ತಿರುಗದೆ ಕೇಳಿದ.

"ಜಯರಾಮಣ್ಣ, ಮಾತಾಡಿ. ಏನಾದರೂ ಹೇಳಿ."

ಅವರು ಹಾಡಲು ಹೊರಟರು. ಮೊದಲನೆಯ ಹಾಡಿನ ಮೊದಲ ಸಾಲು, 'ಯಾರ ಮನೆಯಲಿ ಮಲಗಿದೆಯೋ ನನ್ನ ನಿದ್ದೆಯೇ'. ರಾಗ ಸರಿಯಿತ್ತು. ಒಂದಕ್ಷರವೂ ಸರಿಯಿರಲಿಲ್ಲ. ಅರ್ಧದಲ್ಲಿ ನಿಲ್ಲಿಸಿ ನನ್ನನ್ನು ನೋಡಿದರು. ಆಗ ಅವರಿಗೆ ಗೊತ್ತಾಯಿತು. ಹಾಡುಗಾರನಿಗೆ ತನ್ನ ಧ್ವನಿ ಸುಳ್ಳು ಹೇಳುವುದಿಲ್ಲ. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಳೆ ಚರ್ಮಕ್ಕೆ ಒತ್ತಿ ನೋಯುವಷ್ಟು ಗಟ್ಟಿಯಾಗಿ.

"ಪೋಡಿಯೊಡ್ಚಿ ಅಣ್ಣ," ಅಂದೆ. ಹೆದರಬೇಡಿ ಎಂದು. ತುಳುವಿನಲ್ಲಿ ಹೇಳಿದರೆ ಧೈರ್ಯ ಜಾಸ್ತಿ ಬರುತ್ತದೆಯೋ ಏನೋ. ನನಗಂತೂ ಬರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವರು ಜಯರಾಮಣ್ಣನನ್ನು ನೋಡಿ ನಕ್ಕರು. "ಎಂತ, ಇಲ್ಲಿಯೂ ನಾಟಕವಾ?" ಅವರ ತಪ್ಪೇನು? ಕಮಾನಿನಂಥ ಹುಬ್ಬು, ಗುಲಾಬಿ ಕೆನ್ನೆ, ಬನಿಯನ್, ಜರಿಯಂಚಿನ ಕಚ್ಚೆ. ರೊನಾಲ್ಡ್ ಏನೋ ಹೇಳಿದ, ಅವರ ನಗು ಅಲ್ಲೇ ಇಂಗಿತು. ಗಾಲಿಕುರ್ಚಿಯನ್ನು ಅವರೇ ಓಡಿಸಿಕೊಂಡು ತಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ಪ್ರಾಯ. ಕಣ್ಣಿಗೆ ಟಾರ್ಚು ಹಾಕಿದಳು, ಕೈ ಎತ್ತಿಸಿದಳು, ಕಾಲು ಒತ್ತಿಸಿದಳು.

"ಕುಡಿಯಲಿಕ್ಕೆ ಏನಾದರೂ ಕೊಟ್ಟಿದ್ದೀರಾ?"

"ಶರಬತ್ತು. ಒಂದು ಗುಟುಕು. ಹೊರಗೆ ಬಂತು."

"ಹೊರಗೆ ಬಂದದ್ದು ಒಳ್ಳೆಯದಾಯ್ತು. ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ತೊಂದರೆ." ಆಮೇಲೆ ನನ್ನ ಕಡೆ ತಿರುಗಿ, "ಇದು ಸ್ಟ್ರೋಕ್. ಮೆದುಳಿನ ರಕ್ತನಾಳದಲ್ಲಿ ತಡೆ ಇರಬಹುದು. ಸ್ಕ್ಯಾನ್ ಆಗಬೇಕು, ಮಂಗಳೂರಿಗೆ ಕಳಿಸ್ತೇನೆ. ಎಷ್ಟು ಗಂಟೆಗೆ ಸುರುವಾದ್ದು? ಸರಿಯಾಗಿ ಹೇಳಿ ಮೇಡಂ. ಕೊಡುವ ಇಂಜೆಕ್ಷನ್ನಿಗೆ ಸಮಯದ ಮಿತಿ ಉಂಟು. ಅಂದಾಜಿಗೆ ಹೇಳಿದ್ರೆ ಆಗುದಿಲ್ಲ."

ಎಷ್ಟು ಗಂಟೆಗೆ? ನನಗೆ ತಲೆ ಖಾಲಿ. ನಾಲ್ಕಾ? ನಾಲ್ಕೂವರೆಯಾ? ಸೂಜಿ ಯಾವಾಗ ಹಿಡಿದೆ, ಯಾವಾಗ ಬಿಟ್ಟೆ? ತಪ್ಪು ಹೇಳಿದರೆ? ನನ್ನ ಒಂದು ತಪ್ಪು ಗಂಟೆಯಿಂದ ಈ ಮನುಷ್ಯನ ಕೈ ಹೋದರೆ, ಜೀವ ಹೋದರೆ?

ಆಗ ಫೋಟೋ ನೆನಪಾಯಿತು.

ಮೊಬೈಲು ತೆಗೆಯುವಾಗ ಆ ದಿನ ಮೊದಲ ಬಾರಿಗೆ ನನ್ನ ಬೆರಳು ನಿಜವಾಗಿ ನಡುಗಿತು. ಫೋಟೋದಲ್ಲಿ ಜಯರಾಮಣ್ಣ ನಗುತ್ತಿದ್ದಾರೆ. ಎಡತುಟಿ ಮೇಲೆದ್ದಿದೆ. ಅಡಿಯಲ್ಲಿ ಸಮಯ, ನಾಲ್ಕು ಇಪ್ಪತ್ತು.

"ಇಷ್ಟು ಹೊತ್ತಿಗೆ ಸರಿ ಇದ್ದರು. ನಾಲ್ಕು ಐವತ್ತಕ್ಕೆ ತುಟಿ ಬರೆಯುವಾಗ ಓರೆ ಆಗಿತ್ತು."

ಡಾಕ್ಟರು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಕಾಗದದಲ್ಲಿ ಬರೆದುಕೊಂಡಳು. ಮಂಗಳೂರಿಗೆ ಫೋನ್ ಮಾಡುತ್ತಾ, "ಆಂಬುಲೆನ್ಸ್ ಬರುವುದರೊಳಗೆ ಆ ಬಣ್ಣ ತೆಗೆಯಿರಿ ಮೇಡಂ, ನಮಗೆ ಮುಖ ಕಾಣಬೇಕು" ಎಂದಳು.

ನನ್ನ ಚೀಲದಲ್ಲಿ ತೆಂಗಿನೆಣ್ಣೆಯ ಬಾಟಲಿ ಇತ್ತು. ಹತ್ತಿ ಸಾಕಾಗಲಿಲ್ಲ, ಸೀರೆಯ ಸೆರಗಿನಿಂದಲೇ ಒರೆಸಿದೆ. ಕೆನ್ನೆ ಬಂತು. ಸಿಡುಬಿನ ಎರಡು ಗುಳಿ ಬಂತು. ಒರೆಸಿದಷ್ಟೂ ಅರಸ ಹೋಗಿ ಹೋಟೆಲಿನ ಜಯರಾಮಣ್ಣ ಬಂದರು, ಬೂದು ಮುಖದ, ಹೆದರಿದ ಕಣ್ಣಿನ ಜಯರಾಮಣ್ಣ. ಹುಬ್ಬು ಮಾತ್ರ ಹೋಗಲಿಲ್ಲ. ಬೆವರಿಗೆ ಅಳಿಯದ ಒಳ್ಳೆಯ ಪೆನ್ಸಿಲು ಎಂದು ಹುಡುಕಿ ತಂದಿದ್ದೆ. ಮಂಗಳೂರು ತಲುಪುವವರೆಗೂ ಅವರ ಹುಬ್ಬು ಏನೋ ಆಶ್ಚರ್ಯ ಕಂಡಂತೆ ಮೇಲೆದ್ದೇ ಇತ್ತು.

ಆಂಬುಲೆನ್ಸಿನಿಂದ ಅವರ ಹೆಂಡತಿ ಸುಮತಿಯಕ್ಕನಿಗೆ ಫೋನ್ ಮಾಡಿದೆ. ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ನಾಲ್ಕು ವಾಕ್ಯ ಕಟ್ಟಿದ್ದೆ. ಆಕೆ ಹಲೋ ಕೂಡ ಅನ್ನಲಿಲ್ಲ.

"ಆರೆಗ್ ದಾದ ಆಂಡ್?" ಅವರಿಗೆ ಏನಾಯಿತು?

ಪ್ರದರ್ಶನದ ಹೊತ್ತಿನಲ್ಲಿ ಮೇಕಪ್ಪಿನವಳ ಫೋನು ಬಂದರೆ ಹೆಂಡತಿಗೆ ಇನ್ನೇನು ಅನಿಸಬೇಕು? ಹೇಳಿದೆ. ಆಕೆ, "ಬೆಳಿಗ್ಗೆ ಒಮ್ಮೆ..." ಎಂದು ಸುರುಮಾಡಿ ನಿಲ್ಲಿಸಿದಳು. "ನಾನು ತಮ್ಮನೊಟ್ಟಿಗೆ ಸೀದಾ ಮಂಗಳೂರಿಗೆ ಬರ್ತೇನೆ. ನೀವು ಅವರ ಕೈ ಬಿಡ್ಬೇಡಿ ಟೀಚರ್."

ಬಿಡಲಿಲ್ಲ. ಕೈಕಂಬ, ಗುರುಪುರ, ವಾಮಂಜೂರು, ರಸ್ತೆಯ ಒಂದೊಂದು ಗುಂಡಿಗೂ ಅವರ ತಲೆ ಅಲುಗಾಡದಂತೆ ಹಿಡಿದುಕೊಂಡೆ. ಆಂಬುಲೆನ್ಸಿನ ನರ್ಸು ಹುಡುಗ "ನಿದ್ದೆ ಮಾಡ್ಲಿಕ್ಕೆ ಬಿಡ್ಬೇಡಿ, ಮಾತಾಡಿಸ್ತಾ ಇರಿ" ಎಂದಿದ್ದ. ಅವರ ರೆಪ್ಪೆ ಇಳಿದಾಗಲೆಲ್ಲ ಹೆಸರು ಹಿಡಿದು ಕರೆಯುತ್ತಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆ. ಅವರ ಹೋಟೆಲಿನ ಗೋಳಿಬಜೆಯ ಬಗ್ಗೆ, ರಾಣಿಯ ಲಂಗದ ಬಗ್ಗೆ. ಒಂದು ಹಂತದಲ್ಲಿ ಎಂಟನೆಯ ತರಗತಿಯ ಸಂಧಿ ಪಾಠವನ್ನೂ ಮಾಡಿದೆನಂತೆ. ರೊನಾಲ್ಡ್ ಮುಂದಿನ ಸೀಟಿನಲ್ಲಿದ್ದ, ಅವನೇ ಆಮೇಲೆ ಹೇಳಿದ್ದು.

ಆಸ್ಪತ್ರೆ ತಲುಪುವಾಗ ಆರೂವರೆ ಹತ್ತಿರ. ಸ್ಕ್ಯಾನ್ ಆಯಿತು. ಕಾಗದದಲ್ಲಿದ್ದ ಸಮಯ ನೋಡಿದರು, ನನ್ನ ಮೊಬೈಲನ್ನೂ ಮತ್ತೊಮ್ಮೆ ನೋಡಿದರು. ಇಂಜೆಕ್ಷನ್ ಕೊಟ್ಟರು. ಸುಮತಿಯಕ್ಕ ಓಡಿ ಬಂದಾಗ ಗಾಜಿನ ಬಾಗಿಲು ಮುಚ್ಚಿತ್ತು. ನನ್ನ ಸೆರಗಿನ ಮೇಲೆ ಅವರ ಕೆನ್ನೆಗೆ ಹಚ್ಚಿದ್ದ ಕೆಂಪಿನ ಕಲೆ ನೋಡಿ ಆಕೆ ರಕ್ತ ಅಂದುಕೊಂಡಳು. ಅಲ್ಲೇ ನೆಲದ ಮೇಲೆ ಕುಳಿತಳು. "ಬಣ್ಣ ಅಕ್ಕ, ಬಣ್ಣ. ಮೂಸಿ ನೋಡಿ, ಎಣ್ಣೆ" ಎಂದು ಸೆರಗನ್ನು ಆಕೆಯ ಮೂಗಿಗೆ ಹಿಡಿದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ಜಯರಾಮಣ್ಣ ಬದುಕಿದರು. ಒಂಬತ್ತನೆಯ ದಿನ ಮನೆಗೆ ಬಂದರು.

ಅಲ್ಲಿ ನಾಟಕ ಏನಾಯಿತು? ಮಾಷ್ಟ್ರು ಪರದೆಯ ಮುಂದೆ ಬಂದು ವಿಷಯ ಹೇಳಿದರಂತೆ. ಬೇಕಾದವರು ಮನೆಗೆ ಹೋಗಬಹುದು, ಬೇಸರವಿಲ್ಲ ಎಂದರಂತೆ. ಯಾರೂ ಏಳಲಿಲ್ಲ. ಕೊನೆಗೆ ಮಾಷ್ಟ್ರೇ ಅರಸನ ಕೋಟು ಹಾಕಿಕೊಂಡು, ಬಣ್ಣವಿಲ್ಲದ ಮುಖದಲ್ಲಿ, ಪುಸ್ತಕ ನೋಡಿಕೊಂಡು ಒಂಬತ್ತು ಹಾಡೂ ಹಾಡಿದರು. ಕೋಟಿನ ತೋಳು ಬೆರಳಿನಿಂದ ಒಂದು ಗೇಣು ಕೆಳಗೆ ಜೋಲುತ್ತಿತ್ತಂತೆ. ಮರುದಿನ ನನಗೆ ಫೋನ್ ಮಾಡಿ, "ಶರಬತ್ತು ಅಂದೆನಲ್ಲ ಟೀಚರೇ ನಾನು" ಎಂದರು. ಅಷ್ಟೇ.

ಕಳೆದ ವಾರ ಅಳದಂಗಡಿಗೆ ಹೋಗಿದ್ದೆ. ಜಯರಾಮಣ್ಣ ಜಗಲಿಯಲ್ಲಿ ಕುಳಿತು ಎಡಗೈಯಿಂದ ಒಂದು ರಬ್ಬರ್ ಚೆಂಡು ಹಿಚುಕುತ್ತಿದ್ದರು. ಬೆರಳು ಮಡಚುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಮಾತು ಮುಕ್ಕಾಲು ಪಾಲು ಸರಿಯಾಗಿದೆ. ಹಾಡಲು ಇನ್ನೂ ಪ್ರಯತ್ನ ಮಾಡಿಲ್ಲವಂತೆ.

"ಯಾಕೆ?" ಎಂದೆ.

"ಹೆದರಿಕೆ."

ಸುಮತಿಯಕ್ಕ ಒಳಗೆ ಹೋದದ್ದನ್ನು ನೋಡಿ, ಸಣ್ಣ ಧ್ವನಿಯಲ್ಲಿ ಒಂದು ಸಂಗತಿ ಹೇಳಿದರು. ಆ ದಿನ ಬೆಳಿಗ್ಗೆ ದೋಸೆ ಎಬ್ಬಿಸುವಾಗ ಸಟ್ಟುಗ ಎಡಗೈಯಿಂದ ಜಾರಿ ಬಿದ್ದಿತ್ತಂತೆ. ಎತ್ತಲು ಹೋದರೆ ಬೆರಳು ಹಿಡಿಯಲೇ ಇಲ್ಲ. ಹತ್ತು ನಿಮಿಷ. ಆಮೇಲೆ ತಾನಾಗಿ ಸರಿಯಾಯಿತು. ಸುಮತಿಯಕ್ಕ ನೋಡಿದ್ದಳು, ಡಾಕ್ಟರಲ್ಲಿಗೆ ಹೋಗುವ ಎಂದಿದ್ದಳು. ಇವರು ಗದರಿಸಿದರು.

"ಹೇಳಿದ್ರೆ ಪಾರ್ಟು ಬೇರೆಯವರಿಗೆ ಕೊಡ್ತಾರೆ ಅಂತ ಹೆದರಿದೆ ಟೀಚರೇ. ಆರು ತಿಂಗಳು ಪ್ರಾಕ್ಟೀಸ್ ಮಾಡಿದ್ದಲ್ವಾ?"

ನನಗೆ ಸಿಟ್ಟು ಬಂತು. ಬಂದ ಸಿಟ್ಟು ಅಲ್ಲೇ ನಿಂತಿತು. ನಾನೇನು ಮಾಡಿದ್ದೆ? ನಾಲ್ಕು ಜನ ನಗುತ್ತಾರೆ ಎಂದು ಹೆದರಿ, ಓರೆಯಾದ ಬಾಯಿ ನೋಡಿಯೂ ಕೋಟು ತೊಡಿಸಲು ಹೋಗಿದ್ದೆ. ಮಾಷ್ಟ್ರು ತುಂಬಿದ ಸಭಾಭವನಕ್ಕೆ ಹೆದರಿದ್ದರು. ಸುಮತಿಯಕ್ಕ ಗಂಡನ ಗದರಿಕೆಗೆ. ಎಲ್ಲರೂ ಹೆದರಿದವರೇ. ಹೆದರಬೇಕಾದದ್ದಕ್ಕೆ ಒಬ್ಬರೂ ಹೆದರಲಿಲ್ಲ.

ಮತ್ತು ಇದು ರಂಗಸ್ಥಳದ ಕತೆ ಮಾತ್ರ ಅಲ್ಲ. ನಮ್ಮ ಮನೆಗಳಲ್ಲೂ ಷೋ ನಡೆಯುತ್ತಲೇ ಇರುತ್ತದಲ್ಲ? ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ಎದೆಯ ಗಂಟು ತೋರಿಸುತ್ತೇನೆ. ಮದುವೆ ಮುಗಿಯಲಿ, ಆಮೇಲೆ ಬಿ.ಪಿ. ನೋಡಿಸುತ್ತೇನೆ. ಮಗ ಕೊಲ್ಲಿಯಿಂದ ರಜೆಗೆ ಬಂದಿದ್ದಾನೆ, ಅವನು ಹೋಗಲಿ, ಈಗ ಯಾಕೆ ಅವನ ಸಂತೋಷ ಹಾಳು ಮಾಡುವುದು. ನಾವೆಲ್ಲ ಮುಖಕ್ಕೆ ಏನಾದರೊಂದು ಹಚ್ಚಿಕೊಂಡೇ ಓಡಾಡುತ್ತೇವೆ. ಹಚ್ಚಿಕೊಂಡದ್ದು ಚೆನ್ನಾಗಿ ಕೂತಿದೆ ಎಂದು ಎದುರಿನವರು ಹೊಗಳುತ್ತಾರೆ ಕೂಡ.

ನನ್ನ ಹೆದರಿಕೆ ಇನ್ನೂ ಹೋಗಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಒಂದು ಕಡೆಗೆ ನಕ್ಕರೆ ಬೆನ್ನುಹುರಿ ತಣ್ಣಗಾಗುತ್ತದೆ. ಬಸ್ಸಿನಲ್ಲಿ ತೂಕಡಿಸುವವರ ಬಾಯಿ ಓರೆಯಾಗಿದ್ದರೆ ಎಬ್ಬಿಸಲೇ ಎಂದು ಕೈ ಮುಂದೆ ಹೋಗುತ್ತದೆ. ಮೊನ್ನೆ ಗಂಡನಿಗೆ, "ಒಮ್ಮೆ ನಗಿ, ಎರಡೂ ಕೈ ಎತ್ತಿ" ಎಂದೆ. ಪೇಪರಿನಿಂದ ತಲೆ ಎತ್ತಿ, "ನಿನಗೆ ಹುಷಾರುಂಟಲ್ವಾ?" ಎಂದು ಕೇಳಿದರು. ನಗಲಂತೂ ಇಲ್ಲ. ಎರಡನೆಯ ಸಲ ಹೇಳಿದಾಗ ನನ್ನ ಕಣ್ಣು ನೋಡಿ, ಪೇಪರು ಕೆಳಗಿಟ್ಟು, ಕೈ ಎತ್ತಿದರು. ಎರಡೂ ನಿಂತವು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಬಲಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇರುವುದು ನನಗೆ ಮೊನ್ನೆಯಷ್ಟೇ ಕಂಡಿತು.

ಬರುವ ಭಾನುವಾರ ಬೆಳ್ತಂಗಡಿಯಲ್ಲಿ ಇನ್ನೊಂದು ಪ್ರದರ್ಶನ ಉಂಟು. ಅರಸನ ಪಾತ್ರಕ್ಕೆ ಮುಂಡಾಜೆಯಿಂದ ಹೊಸಬರು ಬರುತ್ತಿದ್ದಾರೆ. ಒಪ್ಪಿಕೊಂಡಿದ್ದೇನೆ. ಆ ಮುಖ ನನಗೆ ಗೊತ್ತಿಲ್ಲ. ಯಾವುದು ಅದರ ಸರಿ, ಯಾವುದು ಅದರ ಸೊಟ್ಟ, ಒಂದೂ ಗೊತ್ತಿಲ್ಲ.

ಅದಿರಲಿ. ಇವತ್ತು ಬೆಳಿಗ್ಗೆ ನಿಮಗೆ ಚಹಾ ತಂದುಕೊಟ್ಟವರ ಮುಖ ನೋಡಿದಿರಾ, ಇಲ್ಲ ಚಹಾ ಮಾತ್ರ ನೋಡಿದಿರಾ?